ಕೇಳಿದ್ದು ಆರು ಕೊಕ್ಕೆ, ಸಿಕ್ಕಿದ್ದು ಹನ್ನೊಂದು

ಮಾನ್ಯ ಇಂಜಿನಿಯರ್ ಸಾಹೇಬರಿಗೆ,

ವಿಷಯ: ನಮ್ಮೂರ ಹಳೇ ಟೌನ್‌ಹಾಲಿನಲ್ಲಿ ನಾಟಕದ ದೀಪ ತೂಗುಹಾಕಲು ಆರು ಕೊಕ್ಕೆ ಕೂರಿಸುವ ಬಗ್ಗೆ.

ಉಲ್ಲೇಖ: ತಮ್ಮ ಕಚೇರಿ ವರಾಂಡದ ಬೆಂಚು ಮತ್ತು ಅದರ ಮೇಲೆ ಕಳೆದ ನನ್ನ ಹನ್ನೊಂದು ಬೆಳಗುಗಳು.

ಮಾನ್ಯರೇ,

ಇವತ್ತು ಮಧ್ಯಾಹ್ನ ಒಂದೂಮುಕ್ಕಾಲಿಗೆ ತಮ್ಮ ಕಚೇರಿಯಿಂದ ಬಂದವನು ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ. ಅನ್ನ ಆರುತ್ತಿದೆ, ಆರಲಿ. ಅರ್ಜಿ ನಾಲ್ಕು ತಿಂಗಳಿಂದ ಆರುತ್ತಿದೆ. ಬೆಳಿಗ್ಗೆ ಹತ್ತಕ್ಕೆ ಹೋದಾಗ ಸಾಹೇಬ್ರು ಸೈಟಿಗೆ ಹೋಗಿದಾರೆ ಅಂದರು. ಹನ್ನೊಂದೂವರೆಗೆ ಮೀಟಿಂಗ್‌ನಲ್ಲಿದಾರೆ ಅಂದರು. ಹನ್ನೆರಡೂಮುಕ್ಕಾಲಿಗೆ ತಾವು ನನ್ನ ಕಣ್ಣೆದುರೇ ಜೀಪು ಹತ್ತಿದಿರಿ. ಆಮೇಲೆ ಕೇಸ್ ವರ್ಕರ್ ಕಡತದ ದಾರ ಬಿಚ್ಚಿ, ಕನ್ನಡಕ ಹಣೆಗೇರಿಸಿ ಕೇಳಿದರು: “ಕೊಕ್ಕೇನಾ? ಯಾವ ಕೊಕ್ಕೆ ಸಾರ್?”

ಹನ್ನೊಂದನೇ ಸಲ, ಸ್ವಾಮೀ.

ಕೊಕ್ಕೆ ಎಂಬ ಮಾತು ನಮ್ಮ ಕನ್ನಡದಲ್ಲಿ ಎರಡು ಕೆಲಸಕ್ಕೆ ಬರುತ್ತದೆ. ಒಂದು ಸಾಮಾನು ತೂಗುಹಾಕಲು, ಇನ್ನೊಂದು ಕಡತಕ್ಕೆ ಹಾಕಲು. ನಾನು ಮೊದಲನೆಯದನ್ನು ಆರು ಕೇಳಿದೆ. ತಾವು ಎರಡನೆಯದನ್ನು ಹನ್ನೊಂದು ಕೊಟ್ಟಿರಿ. ಕೇಳಿದ್ದಕ್ಕಿಂತ ಐದು ಹೆಚ್ಚು. ಸರ್ಕಾರದ ಕೈ ಬಿಗಿ ಅನ್ನುವವರ ಬಾಯಿಗೆ ಮಣ್ಣು ಬಿತ್ತು.

ಮೊದಲ ಕೊಕ್ಕೆ, ಅರ್ಜಿ ಹಾಳೆಯ ಎರಡೂ ಬದಿಗೆ ಬರೆದದ್ದು. ಎರಡನೆಯದು, ನಕ್ಷೆ ಇಲ್ಲ. ಮೂರನೆಯದು, ಕೊಟ್ಟ ನಕ್ಷೆ ಸಣ್ಣದು. ನಾಲ್ಕನೆಯದು, ಅಗ್ನಿಶಾಮಕದವರ ಎನ್‌ಒಸಿ ತನ್ನಿ. ಅವರನ್ನು ಕೇಳಿದರೆ ಮೊದಲು ತಮ್ಮದನ್ನು ತರಬೇಕಂತೆ, ಅದು ಐದನೆಯದು. ಏಳನೇ ಸಲ ನಿಮ್ಮವರೊಬ್ಬರು ಬಹಳ ಕಕ್ಕುಲಾತಿಯಿಂದ, “ಟ್ಯೂಬ್‌ಲೈಟ್ ಇದೆಯಲ್ಲ ಸಾರ್, ಮುಖ ಕಾಣಲ್ವಾ?” ಅಂದರು. ಕಾಣುತ್ತದೆ. ಪೋಸ್ಟಾಫೀಸಿನಲ್ಲೂ ಮುಖ ಕಾಣುತ್ತದೆ, ಅದಕ್ಕೇ ಯಾರೂ ಟಿಕೆಟ್ ತಗೊಂಡು ಪೋಸ್ಟಾಫೀಸು ನೋಡುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ತಂದಿತ್ತು, ನಾನು ಕೇಳ್ತಿರೋದು ಆರು ಕೊಕ್ಕೆ ಎಂದೆ. ಅವರು ಯೋಚಿಸಿ, “ಆನೆ ನೆಲದ ಮೇಲೆ ನಿಲ್ಲುತ್ತೆ ಸಾರ್, ನೇತಾಡಲ್ಲ” ಎಂದರು. ಇಂಥ ಪ್ರತಿಭೆ ಟಪಾಲು ಸೆಕ್ಷನ್ನಿನಲ್ಲಿ ಕೊಳೆಯುತ್ತಿದೆ.

ಹನ್ನೊಂದರಲ್ಲಿ ಒಂದೇ ಒಂದು ಕೊಕ್ಕೆ ಸರಿಯಾದದ್ದು. ಒಂಬತ್ತನೆಯದು: ‘ಎಂಬತ್ತು ವರ್ಷ ದಾಟಿದ ಕಟ್ಟಡ, ಮೇಲಿನ ಮರ ಈ ಭಾರ ತಡೆಯುತ್ತದೆಯೇ?’ ಇದನ್ನು ಬರೆದ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ. ಉತ್ತರವನ್ನು ಮೂರು ಪುಟದಲ್ಲಿ ಕೊಟ್ಟೆ. ಇವತ್ತು ನೋಡಿದರೆ ಅದರ ಪಿನ್ನು ಕೂಡ ಕದಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ, ಊರವರಾದರೂ ಓದಲಿ.

ನಮ್ಮ ಹಾಲಿನ ಹೆಂಚಿನ ಮಾಡನ್ನು ಹೊತ್ತಿರುವುದು ಎರಡೆರಡು ನಿಲುಗಂಬದ ಮರದ ಟ್ರಸ್ಸುಗಳು. ಇಂಜಿನಿಯರುಗಳು ಕ್ವೀನ್ ಪೋಸ್ಟ್ ಅನ್ನುವುದು ಇದಕ್ಕೇ. ನೋಡಿದವರಿಗೆ ಆ ಕಂಬಗಳು ಕೆಳಗಿನ ಅಡ್ಡತೊಲೆಯ ಮೇಲೆ ನಿಂತ ಹಾಗೆ ಕಾಣುತ್ತವೆ. ಇಲ್ಲ, ಅವು ತೊಲೆಯನ್ನೇ ಮೇಲಿನಿಂದ ಎತ್ತಿ ಹಿಡಿದಿವೆ. ತೊಲೆಯ ಮೇಲೆ ಎಲ್ಲೆಂದರಲ್ಲಿ ಭಾರ ಕಟ್ಟಿದರೆ ಮರ ಬಾಗುತ್ತದೆ. ಕಂಬ ಸೇರುವ ಗಂಟಿನಲ್ಲಿ ಕಟ್ಟಿದರೆ ಭಾರ ಕಂಬ ಹಿಡಿದು ಮೇಲೆ ಹೋಗಿ, ಓರೆಮರಗಳ ದಾರಿಯಲ್ಲಿ ಗೋಡೆಗೆ ಇಳಿಯುತ್ತದೆ. ಒಂದು ಟ್ರಸ್ಸಿಗೆ ಎರಡು ಗಂಟು. ನನಗೆ ಬೇಕಾದದ್ದು ಮೂರು ಟ್ರಸ್ಸು, ಎರಡು ವೇದಿಕೆಯ ಮೇಲೆ, ಒಂದು ಪ್ರೇಕ್ಷಕರ ಮೇಲೆ. ಆರು ಅಂದದ್ದು ಅದಕ್ಕೆ, ಜ್ಯೋತಿಷಿ ಹೇಳಿದ ಸಂಖ್ಯೆಯೆಂದಲ್ಲ.

ಮರಕ್ಕೆ ಒಂದು ತೂತೂ ಹೊಡೆಯುವುದಿಲ್ಲ. ತೊಲೆಗೆ ರಬ್ಬರು ಸುತ್ತಿ ಉಕ್ಕಿನ ಹಗ್ಗದ ಕುಣಿಕೆ, ಕುಣಿಕೆಗೆ ಡಿ-ಶ್ಯಾಕಲ್, ಅದರ ಕೆಳಗೆ ಒಂದೂವರೆ ಇಂಚಿನ ಜಿಐ ಪೈಪು. ಪೈಪಿಗೆ ಕ್ಲಾಂಪು, ಕ್ಲಾಂಪಿಗೆ ದೀಪ. ಕ್ಲಾಂಪು ಕೈಕೊಟ್ಟರೆ ದೀಪ ಯಾರ ತಲೆಗೂ ಬೀಳದ ಹಾಗೆ ಪ್ರತಿ ದೀಪಕ್ಕೂ ಬೇರೆಯೇ ಒಂದು ಸೇಫ್ಟಿ ವೈರು. 6 ಮೀಟರಿನ ಪೈಪು 22 ಕೆಜಿ, ಆರು ದೀಪ 40 ಕೆಜಿ, ವೈರು ಮತ್ತಿತರೆ 8 ಕೆಜಿ. ಪೈಪಿಗೆ 70, ಕೊಕ್ಕೆಗೆ 35. ಜನರ ತಲೆಯ ಮೇಲೆ ತೂಗುವುದಕ್ಕೆ ಹತ್ತು ಪಟ್ಟು ತಾಳಿಕೆ ಇಟ್ಟುಕೊಳ್ಳುವುದು ಈ ಕಸುಬಿನ ರೂಢಿ. ಹಾಗಾಗಿ ಹಗ್ಗ, ಶ್ಯಾಕಲ್ ಎಲ್ಲ 350 ಕೆಜಿ ತಾಳುವಂಥವು. ಮರವನ್ನು ಗೆದ್ದಲು ತಿಂದಿಲ್ಲವೆಂದು ಬಡಗಿ ಹತ್ತಿ, ಉಳಿಯಿಂದ ಕುಟ್ಟಿ ನೋಡಿ ಹೇಳಬೇಕು. ಅದಕ್ಕೆ ನಿಮ್ಮ ಇಲಾಖೆಯವರೇ ಬರಲಿ ಎಂದಿದ್ದೆ. ಆರೂ ಕೊಕ್ಕೆಗೆ ಸೇರಿ ಭಾರ 210 ಕೆಜಿ. ಮದುವೆಮನೆಯ ಉಗ್ರಾಣದ ಒಂದು ಮೂಲೆಯಲ್ಲಿ ಇದಕ್ಕಿಂತ ಹೆಚ್ಚು ಅಕ್ಕಿ ಇರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ.

ಎರಡು ವರ್ಷದ ಹಿಂದೆ ಇದೇ ಹಾಲಿಗೆ ‘ನವೀಕರಣ’ ಆಯಿತು. ಇದೇ ಟ್ರಸ್ಸುಗಳ ಕೆಳಗೆ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್ ಬಂತು. ಹಾಲಿಗೂ ವೇದಿಕೆಗೂ ಸೇರಿ 250 ಚದರ ಮೀಟರು. ಹಲಗೆ, ಕಂಬಿ ಎಲ್ಲ ಸೇರಿ ಚದರ ಮೀಟರಿಗೆ 10 ಕೆಜಿ ಹಿಡಿಯಿರಿ. 2500 ಕೆಜಿ. ಎರಡೂವರೆ ಟನ್ನು, ಸಾಹೇಬರೇ. ಅದನ್ನು ಗಂಟು ನೋಡಿ ಕಟ್ಟಿದರೇ? ಗೇಣಿಗೊಂದರಂತೆ ತೊಲೆಯ ಉದ್ದಕ್ಕೂ ಸ್ಕ್ರೂ ಹೊಡೆದು ನೇತುಹಾಕಿದರು. ಮರ ಭಾರ ತಡೆಯುತ್ತದೆಯೇ ಎಂದು ಆಗ ಯಾರು ಕೇಳಿದರು? ಪ್ರಮಾಣಪತ್ರ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ‘ಲಭ್ಯವಿಲ್ಲ’ ಎಂದು ಒಂದು ಸಾಲು ಬಂತು. ಎರಡೂವರೆ ಟನ್ನಿಗೆ ಒಂದು ಕೊಕ್ಕೆಯಿಲ್ಲ, ನನ್ನ 210 ಕೆಜಿಗೆ ಹನ್ನೊಂದು.

ಭಾರ ಒತ್ತಟ್ಟಿಗಿರಲಿ. ಮೊದಲು ಹಾಲಿನಲ್ಲಿ ಕೂತು ತಲೆ ಎತ್ತಿದರೆ ಹೆಂಚು ಕಾಣುತ್ತಿತ್ತು. ಮಂಗ ಹಾರಿ ಹೆಂಚು ಒಡೆದರೆ ಬಿಸಿಲ ಕೋಲು ಒಳಗೆ ಬೀಳುತ್ತಿತ್ತು. ಕಾವಲುಗಾರ ಮಾರನೇ ದಿನ ಹತ್ತಿ ಬದಲಿಸುತ್ತಿದ್ದ. ಈಗ ಹೆಂಚು ಒಡೆದದ್ದು ಯಾರಿಗೂ ಕಾಣುವುದಿಲ್ಲ. ಮಳೆನೀರು ಮರದ ಮೇಲೆ ಸುರಿದು ಜಿಪ್ಸಮ್ಮಿನಲ್ಲಿ ಇಂಗುತ್ತದೆ. ನೆನೆದ ಹಲಗೆ ತೂಕ ಏರಿಸಿಕೊಳ್ಳುತ್ತದೆ, ಮರ ಒಳಗೇ ಕೊಳೆಯುತ್ತದೆ. ಮೂರನೇ ಫ್ಯಾನಿನ ಪಕ್ಕ ಕಾಫಿ ಚೆಲ್ಲಿದಂತೆ ಒಂದು ಕಲೆ ಇದೆ. ನಾನು ಮೊದಲ ಅರ್ಜಿ ಕೊಟ್ಟಾಗ ಅದು ತಟ್ಟೆಯಷ್ಟಿತ್ತು, ಈಗ ಪರಾತದಷ್ಟಿದೆ. ಅದರ ಕೆಳಗೆ ಪ್ರತಿ ವಾರ ಮಕ್ಕಳ ಭರತನಾಟ್ಯ ನಡೆಯುತ್ತದೆ.

ಲಂಡನ್ನಿನ ಅಪೊಲೊ ಥಿಯೇಟರ್ 1901ರಲ್ಲಿ ಶುರುವಾದದ್ದು. 2013ರ ಡಿಸೆಂಬರ್ 19ರ ರಾತ್ರಿ ನಾಟಕ ನಡೆಯುತ್ತಿರುವಾಗಲೇ ಅದರ ಚಾವಣಿ ಕುಸಿದು ಎಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕುಸಿದದ್ದು ಅಲಂಕಾರದ ಗಾರೆ ಚಾವಣಿ. ಅದನ್ನು ಮೇಲಿನ ಮರಕ್ಕೆ ಹಿಡಿದಿಟ್ಟಿದ್ದ ಗೋಣಿಬಟ್ಟೆ-ಪ್ಲಾಸ್ಟರಿನ ಕಟ್ಟುಗಳು ಹಳತಾಗಿ ಸತ್ವ ಕಳೆದುಕೊಂಡಿದ್ದವು. ಕೆಳಗೆ ಕೂತವರಿಗೆ ಕಂಡದ್ದು ಅಂದವಾದ ಚಾವಣಿ ಮಾತ್ರ. ನಮ್ಮದೂ ಈಗ ಅಂದವಾಗಿದೆ. ಸಂಜೆ ನೀಲಿ ಎಲ್‌ಇಡಿ ಪಟ್ಟಿ ಹೊತ್ತಿಸುತ್ತೀರಿ.

ಒಂಬತ್ತನೇ ಕೊಕ್ಕೆಯನ್ನು ನನ್ನ ಕಡತದಿಂದ ತೆಗೆದು ಆ ಸೀಲಿಂಗಿಗೆ ಹಾಕಿ. ನನಗೆ ಆರು ಸಿಗದಿದ್ದರೂ ಚಿಂತೆಯಿಲ್ಲ. ನಾಲ್ಕು ಹಲಗೆ ಬಿಚ್ಚಿ, ಟಾರ್ಚು ಹಿಡಿದು, ನೀವೇ ಮೇಲೆ ತಲೆ ಹಾಕಿ. ಏಣಿ ನಾನು ಹಿಡಿಯುತ್ತೇನೆ.

ಕೊಕ್ಕೆ ಇಲ್ಲದ ನಾವು ಏನು ಮಾಡುತ್ತಿದ್ದೇವೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಕ್ಕದ ಓಡಾಟದ ದಾರಿಯಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಸಾವಿರ ವ್ಯಾಟಿನ ದೀಪವನ್ನು ಎಂಟಡಿ ಎತ್ತರಕ್ಕೆ ಕಟ್ಟುತ್ತೇವೆ. ಕಳೆದ ತಿಂಗಳು ಎರಡನೇ ಅಂಕದಲ್ಲಿ ಒಬ್ಬ ಹುಡುಗ ನೀರು ಕುಡಿಯಲು ಓಡಿದ. ವೈರಿಗೆ ಕಾಲು ಸಿಕ್ಕಿತು. ಕಾದು ಕೆಂಡವಾಗಿದ್ದ ದೀಪ ಮುಂದಿನ ಸಾಲಿನ ಖಾಲಿ ಕುರ್ಚಿಯ ಮೇಲೆ ಬಿತ್ತು. ಪ್ಲಾಸ್ಟಿಕ್ ಕರಗಿ ಗುಂಡಿಯಾಯಿತು. ಆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಐದು ನಿಮಿಷದ ಹಿಂದಷ್ಟೇ ಬೇಜಾರಾಗಿ ಮನೆಗೆ ಹೋಗಿದ್ದರು. ನಮ್ಮ ನಾಟಕ ಚೆನ್ನಾಗಿರಲಿಲ್ಲ, ಅದೇ ಪುಣ್ಯ. ಆ ಕುರ್ಚಿಯ ಫೋಟೋ ಎಂಟನೇ ಅರ್ಜಿಗೆ ಲಗತ್ತಿಸಿದ್ದೆ. ಅದಕ್ಕೂ ಕೊಕ್ಕೆ ಬಿತ್ತು: ಕುರ್ಚಿಯ ಬಾಬ್ತು ಬೇರೆ ಅರ್ಜಿ ಕೊಡಬೇಕಂತೆ.

ನನಗೆ ಅರವತ್ತಮೂರು. ಬೆಂಚಿನ ಮೇಲೆ ಇನ್ನು ಕೂರಲಾರೆ, ಸೊಂಟ ಒಪ್ಪುವುದಿಲ್ಲ. ಹನ್ನೆರಡನೇ ಸಲ ಬರುವುದಿಲ್ಲ.

ಇಂತಿ,
ದೀಪದ ಕೆಲಸದವನು

ವಿ.ಸೂ: ಇದು ಊರವರಿಗೆ. ನಾಟಕ ಶನಿವಾರ ಸಂಜೆ ಆರೂವರೆಗೆ. ದೀಪಗಳು ಈ ಸಲವೂ ಸ್ಟ್ಯಾಂಡಿನ ಮೇಲೇ ಇರುತ್ತವೆ. ಮಕ್ಕಳನ್ನು ಪಕ್ಕದ ದಾರಿಯಲ್ಲಿ ಓಡಲು ಬಿಡಬೇಡಿ. ಮೂರನೇ ಫ್ಯಾನಿನ ಕೆಳಗಿನ ಕುರ್ಚಿಗಳನ್ನು ನಾವೇ ತೆಗೆಸುತ್ತೇವೆ.