ರಿಮೂವಲ್ ಪಂಡಿತ

ರವೀಂದ್ರನಗರದ ರಿಮೂವಲ್ ಪಂಡಿತ ಸಾಮಾನ್ಯವಾಗಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪನಿಗೆ ಶಿವಮೊಗ್ಗದ ಮನೆಯಿಂದಲೇ ದುಡಿಯುವವನು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿ, 1993ರಲ್ಲಿ ಮಾರುಕಟ್ಟೆಗೆ ಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಅವನ ಆಟ. ಮನೆಯವರು ಅದನ್ನು ಇಸ್ಪೀಟು ಅಂದರೆ ಅವನಿಗೆ ಸಿಟ್ಟು ಬರುತ್ತದೆ.

ಆಡುವ ಇಬ್ಬರಿಗೂ ತಲಾ 20 ಜೀವ. ಮಾನಾ ಎಂಬ ಶಕ್ತಿ ಖರ್ಚು ಮಾಡಿ ಕ್ರೀಚರ್‌ಗಳನ್ನು ಇಳಿಸಬೇಕು, ಅವುಗಳಿಂದ ಹೊಡೆಸಿ ಎದುರಾಳಿಯ ಜೀವವನ್ನು ಸೊನ್ನೆಗೆ ತರಬೇಕು. ಎದುರಾಳಿಯ ಕ್ರೀಚರನ್ನು ಎತ್ತಂಗಡಿ ಮಾಡುವ ಮಂತ್ರವೇ ರಿಮೂವಲ್. ಉಳಿದವರು ಡ್ರ್ಯಾಗನ್ನಿನ ಚಿತ್ರಕ್ಕೆ ಬಾಯಿ ಬಿಡುತ್ತಿದ್ದರೆ, ಪಂಡಿತ ಅದನ್ನು ಎಷ್ಟು ಅಗ್ಗದಲ್ಲಿ ತೆಗೆಯಬಹುದೆಂದು ಲೆಕ್ಕ ಹಾಕುತ್ತಿರುತ್ತಾನೆ.

ಹೊಸ ಕಾರ್ಡು ಕೈಗೆ ಬಂದೊಡನೆ ಅವನ ಕಣ್ಣು ಬಲ ಮೇಲ್ತುದಿಗೆ ಹೋಗುತ್ತದೆ, ಬೆಲೆ ಇರುವುದು ಅಲ್ಲಿ. ಐದು ಮಾನಾ ಕೊಟ್ಟು ಎರಡು ಮಾನಾದ ಕ್ರೀಚರ್ ಕೊಲ್ಲುವವನು ಅವನ ಪ್ರಕಾರ ಸಂಸಾರ ಮಾಡಲು ಲಾಯಕ್ಕಿಲ್ಲ. ಎದುರಾಳಿಯ ಸರದಿಯಲ್ಲೂ ಹಾಕಬಹುದಾದರೆ ಅವನು ಕಾರ್ಡಿಗೆ ಕೊಡುವ ಅಂಕ ಏರುತ್ತದೆ, ಷರತ್ತಿದ್ದರೆ ಇಳಿಯುತ್ತದೆ. ‘ಡೂಮ್ ಬ್ಲೇಡ್’ಗೆ ಎರಡೇ ಮಾನಾ, ಆದರೆ ಕಪ್ಪು ಕ್ರೀಚರ್‌ಗಳನ್ನು ಅದು ಮುಟ್ಟದು. ಕೊಲ್ಲುವುದಕ್ಕಿಂತ ಆಟದಿಂದಲೇ ಗಡೀಪಾರು ಮಾಡುವುದು ಮೇಲು, ಏಕೆಂದರೆ ಈ ಆಟದಲ್ಲಿ ಸ್ಮಶಾನಕ್ಕೆ ಹೋದವರು ಎದ್ದು ಬರುವುದು ಮಾಮೂಲು.

‘ಸ್ವೋರ್ಡ್ಸ್ ಟು ಪ್ಲೌಷೇರ್ಸ್’ ಒಂದೇ ಬಿಳಿ ಮಾನಾಕ್ಕೆ ಗಡೀಪಾರು ಮಾಡುತ್ತದೆ. ಆದರೆ ಆ ಕ್ರೀಚರಿನ ಬಲ ಎಷ್ಟೋ ಅಷ್ಟು ಜೀವ ಅದು ಯಾರ ಹಿಡಿತದಲ್ಲಿದೆಯೋ ಅವನಿಗೆ ಸಿಗುತ್ತದೆ. ಶತ್ರುವಿಗೆ ಜೀವ ಕೊಡುವುದೇಕೆಂದು ಹೊಸಬರು ಕೇಳುತ್ತಾರೆ, ಪಂಡಿತ ಅರ್ಧ ಗಂಟೆ ವಿವರಿಸುತ್ತಾನೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಯಲ್ಲಿ ದುಡಿದು ಬಂದ ತಂದೆ ಇರುವ ಮನೆಯಾದರೆ ಅಷ್ಟು ಹೊತ್ತು ಬೇಕಾಗುವುದಿಲ್ಲ. “ಅಂದ್ರೆ ವಿಆರ್‌ಎಸ್ ಕೊಟ್ಟು ಮನೆಗೆ ಕಳ್ಸೋದು ತಾನೇ ಮಾರಾಯ?” ಎಂದು ಪೇಪರಿನ ಹಿಂದಿನಿಂದ ಪ್ರಶ್ನೆ ಬರುತ್ತದೆ. ಇಷ್ಟು ಖಚಿತವಾದ ವಿವರಣೆ ಪಂಡಿತನ ಬಾಯಲ್ಲಿ ಎಂದೂ ಬಂದದ್ದಿಲ್ಲ.

ತೊಡಕಿರುವುದು ಆಟದಲ್ಲಿ. ಎದುರಾಳಿ ಎರಡು ಬಲದ ಬಡಕಲು ಗಾಬ್ಲಿನ್ ಇಳಿಸುತ್ತಾನೆ. “ಇದಕ್ಕೆಲ್ಲ ಯಾರಾದ್ರೂ ರಿಮೂವಲ್ ಹಾಕ್ತಾರೇನೋ?” ಎಂದು ಪಂಡಿತ ಕಾರ್ಡನ್ನು ಕೈಯಲ್ಲೇ ಉಳಿಸಿಕೊಳ್ಳುತ್ತಾನೆ. ಎರಡರಂತೆ ಹತ್ತು ಏಟಿಗೆ ಇಪ್ಪತ್ತೂ ಮುಗಿಯುತ್ತದೆಂಬ ಮಗ್ಗಿ ಅವನಿಗೆ ತಿಳಿಯದ್ದೇನಲ್ಲ. ಆದರೆ ದೊಡ್ಡದೊಂದು ಬಂದೇ ಬರುತ್ತದೆ, ಆಗ ಬೇಕಾಗುತ್ತದೆ ಎಂಬ ದೂರಾಲೋಚನೆ. ದೊಡ್ಡದು ಬರುವುದೂ ಹೌದು, ಬರುವಾಗ ಹೆಕ್ಸ್‌ಪ್ರೂಫ್ ಹೊದ್ದುಕೊಂಡು ಬರುತ್ತದೆ. ಅದಕ್ಕೆ ಪಂಡಿತನ ಮಂತ್ರ ಗುರಿಯಿಡುವಂತೆಯೇ ಇಲ್ಲ.

ಸೋತ ಮೇಲೆ ಪಂಡಿತ ಕೈಯಲ್ಲಿದ್ದ ಕಾರ್ಡುಗಳನ್ನು ಮೇಜಿನ ಮೇಲೆ ಹರಡುತ್ತಾನೆ. ಎರಡೆರಡು ಪ್ಲಾಸ್ಟಿಕ್ ಕವರಿನೊಳಗೆ ಆ ರಿಮೂವಲ್ ಗೆರೆಯೂ ಬೀಳದೆ ಇರುತ್ತದೆ. “ಕೈಯಲ್ಲೇ ಇತ್ತು ನೋಡು!” ಎನ್ನುತ್ತಾನೆ, ಗೆದ್ದವನಿಗಿಂತ ಜೋರಾಗಿ. ಅವನ ಪ್ರಕಾರ ಸೋಲಿಗೆ ಕಾರಣ ಮಾನಾ ಕೊಡುವ ಲ್ಯಾಂಡ್ ಕಾರ್ಡು ಸರಿಯಾಗಿ ಬಾರದ್ದು. ಕಾರ್ಡಿಗೆ ಕೊಟ್ಟಿದ್ದ ಐದಕ್ಕೆ ನಾಲ್ಕೂವರೆ ಅಂಕದಲ್ಲಿ ಬದಲಾವಣೆಯಿಲ್ಲ.