ಪಿ.ಟಿ. ಮೇಷ್ಟ್ರಿಗೊಂದು ಬಹಿರಂಗ ಪತ್ರ

ಮಾನ್ಯ ಪಿ.ಟಿ. ಮೇಷ್ಟ್ರೇ,

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ತಯಾರು ಮಾಡುತ್ತಿದ್ದೀರಿ. ಬಿಸಿಲಲ್ಲಿ ನೀವು ಪಡುವ ಪಾಡು ನಮಗೆ ಗೊತ್ತು. ಆದರೂ ಒಂದು ಮಾತು ಕೇಳಿಕೊಳ್ಳಬೇಕು. ಓಟ ಮುಗಿಸಿ ತೇಕುತ್ತಾ ನಿಂತ ಹುಡುಗಿಗೆ ‘ನಿಂಗೆ ದಮ್ಮಿಲ್ಲ, ಪಕ್ಕಕ್ಕೆ ಕೂತ್ಕೋ’ ಅನ್ನುವುದನ್ನು ದಯವಿಟ್ಟು ಬಿಡಿ. ಕಾಲಿಗೆ ತರಬೇತಿ ಕೊಟ್ಟಂತೆ ದಮ್ಮಿಗೂ ಕೊಡಬಹುದು.

ನಮ್ಮ ಕಬಡ್ಡಿಯನ್ನೇ ನೋಡಿ. ಎದುರಾಳಿಯ ಅಂಕಣಕ್ಕೆ ಕಾಲಿಡುವ ಮೊದಲೇ ‘ಕಬಡ್ಡಿ ಕಬಡ್ಡಿ’ ಶುರುವಾಗಬೇಕು, ಅಂಪೈರ್ ಕಿವಿಗೆ ಬೀಳಬೇಕು, ಒಂದೇ ಉಸಿರಲ್ಲಿ ಸಾಗಬೇಕು. 30 ಸೆಕೆಂಡಿನ ಲೆಕ್ಕ ಬರುವ ಮುಂಚೆ ರೈಡಿಗೆ ಉಸಿರೇ ಗಡಿಯಾರವಾಗಿತ್ತು. ಒಬ್ಬ ಪಾದ ಹಿಡಿದು, ಇನ್ನೊಬ್ಬ ಸೊಂಟಕ್ಕೆ ಬಿದ್ದು, ಎದೆ ನೆಲಕ್ಕೊತ್ತಿದಾಗ ಗಂಟಲಲ್ಲಿ ಉಳಿದ ಆ ಚೂರು ಉಸಿರಿನ ಮೇಲೇ ರೈಡರ್ ನಡುಗೆರೆಗೆ ಕೈಚಾಚಬೇಕು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಮಹಿಳಾ ಕಬಡ್ಡಿ ಮೊದಲ ಸಲ ಸೇರಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಇಂಥ ನಾಡಿನಲ್ಲಿ ಜೂನ್ 21ರ ಯೋಗ ದಿನದಂದು ಮಕ್ಕಳನ್ನು ಸಾಲಾಗಿ ಕೂರಿಸಿ ಪ್ರಾಣಾಯಾಮ ಮಾಡಿಸುತ್ತೇವೆ, ಮಾರನೆಯ ದಿನ ಆಟದ ಪೀರಿಯಡ್‌ನಲ್ಲಿ ಉಸಿರಿನ ಸುದ್ದಿಯೇ ಇರುವುದಿಲ್ಲ.

ಉಸಿರು ಹಿಡಿದಾಗ ಜೀವ ಚಡಪಡಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಹಾಗಾಗಿ ಗಾಳಿ ಎಳೆದುಕೊಳ್ಳುವಷ್ಟೇ ಪೂರ್ತಿ ಹೊರಹಾಕುವುದನ್ನೂ ಮಕ್ಕಳಿಗೆ ಹೇಳಿಕೊಡಿ. ಸುಮ್ಮನೆ ಕೂತ ವಯಸ್ಕನಿಗೆ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಸಾಕು, ಪಳಗಿದ ಓಟಗಾರ ಜೋರಾಗಿ ಓಡುವಾಗ ಅದು 100 ಲೀಟರ್ ದಾಟುತ್ತದೆ. ಅಷ್ಟು ಗಾಳಿಯನ್ನು ಮೂಗೊಂದೇ ಹೇಗೆ ಎಳೆದೀತು? ‘ಬಾಯಿ ಮುಚ್ಕೊಂಡು ಓಡು’ ಎಂಬುದು ನಿಧಾನದ ಜಾಗಿಂಗಿಗೆ ಸರಿ, 400 ಮೀಟರಿಗೆ ಅಲ್ಲ. ಎದೆಗೂಡಿನ ಕೆಳಗಿರುವ ವಪೆಯೂ ಸ್ನಾಯುವೇ. ಅದು ದಣಿದರೆ ದೇಹ ಕಾಲಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಕಾಲು ಸೋತಿತು ಅಂದುಕೊಳ್ಳುವ ಎಷ್ಟೋ ಸಲ ಮೊದಲು ದಣಿದಿರುವುದು ಉಸಿರಾಟದ ಸ್ನಾಯು. ಓಟ ಮುಗಿದ ಮೇಲೆ ಮಂಡಿಯ ಮೇಲೆ ಕೈಯೂರಿ ಬಗ್ಗಿದ ಮಗುವನ್ನು ‘ನೆಟ್ಟಗೆ ನಿಲ್ಲು’ ಎಂದು ಗದರಬೇಡಿ. ಆ ಭಂಗಿಯಲ್ಲಿ ವಪೆಗೆ ಕೆಲಸ ಸಲೀಸು.

ಈಜು ಕಲಿಸುವವರು ಇನ್ನೂ ಹುಷಾರಾಗಿರಬೇಕು. ಮುಳುಗುವ ಮುಂಚೆ ಬುಸಬುಸನೆ ಉಸಿರಾಡಿಸಿದರೆ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆಯೇ ತಡವಾಗಿ ಬರುತ್ತದೆ; ಅಷ್ಟರಲ್ಲಿ ನೀರೊಳಗೇ ಪ್ರಜ್ಞೆ ತಪ್ಪಬಹುದು.

ನನಗೆ ಹೆಚ್ಚು ಸಂಕಟವಾಗುವುದು ಓಡಿದ ಸ್ವಲ್ಪ ಹೊತ್ತಿಗೆ ಕೆಮ್ಮು ಹತ್ತಿ, ಎದೆಯಲ್ಲಿ ಸುಂಯ್‌ಗುಡುವ ಮಕ್ಕಳ ವಿಷಯದಲ್ಲಿ. ಅದು ಸೋಮಾರಿತನವಿರಲಾರದು, ಆಸ್ತಮಾ ಇರಬಹುದು. ಇನ್ಹೇಲರ್ ಸೇದಿದರೆ ಡೋಪಿಂಗ್ ಆಗುತ್ತದೆಂಬ ಭಯವೂ ಬೇಡ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಲ್ಲೇ ಸಾಲ್ಬುಟಮಾಲ್ ಇನ್ಹೇಲರ್‌ಗೆ ಮಿತಿಯೊಳಗೆ ಅವಕಾಶವಿದೆ.

ಈ ಸಲ ತಂಡದ ಪಟ್ಟಿ ಬರೆಯುವ ಮುಂಚೆ ಕೆಮ್ಮುವ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ. ಅಂಕಣಕ್ಕೆ ಸುಣ್ಣದ ಪುಡಿ ಎರಚುವಾಗ ಮಕ್ಕಳನ್ನು ದೂರ ನಿಲ್ಲಿಸಿ. ಪಕ್ಕಕ್ಕೆ ಕೂತ ಹುಡುಗಿಗೆ ಕೆಲವು ವಾರ ಉಸಿರಿನ ಅಭ್ಯಾಸ ಮಾಡಿಸಿ, ಆಮೇಲೆ ಇನ್ನೊಮ್ಮೆ ಓಡಿಸಿ ನೋಡಿ.

ಇಂತಿ,
ಒಬ್ಬ ಪೋಷಕ