ಕೆಂಪು ಗೀಟಿನ ಟ್ಯೂಬು

ಹೂಲಿಯ ಪಂಚಲಿಂಗೇಶ್ವರ ಗುಡಿ ಕಟ್ಟೆ. ಅಳಿಯ ಮಾರಿಗೆ ಟವೆಲ್ ಸುತ್ತಿಕೊಂಡು ಕೂತಿದ್ದಾನೆ. ಸೋಮವಾರ ಕನ್ಯಾ ನೋಡುವುದಿದೆ.

“ಟವೆಲ್ ತೆಗಿಯೋ. ಅಯ್ಯ ಶಿವನ! ಯಲ್ಲಮ್ಮನ ಗುಡ್ಡದಾಗ ಭಂಡಾರದ ಬದಲಿ ಕುಂಕುಮ ಬಳದಾರೇನು?”

“ಗುಳ್ಳಿಗೆ ಕ್ರೀಮ್ ಹಚ್ಚೇನಿ ಮಾಮಾ. ಮೊದಲ ವಾರ ಮಾರಿ ಫಳಫಳ. ಸೆಲ್ಫಿ ಹೊಡದು ಕನ್ಯಾದವ್ರಿಗೂ ಕಳಿಸಿದೆ. ಬಿಟ್ಟ ಕೂಡ್ಲೇ ಉರಿ, ಕೆಂಪು, ಗುಳ್ಳಿ ಡಬಲ್. ಅದಕ್ಕ ಮತ್ತ ಹಚ್ಚಾಕತ್ತೇನಿ.”

“ಯಾವ ಡಾಕ್ಟರ್ ಬರಕೊಟ್ರು?”

“ಡಾಕ್ಟರ್ ಯಾಕ್ರಿ? ಕಟಿಂಗ್ ಅಂಗಡಿಯಾಂವ ಹೇಳಿದಾ.”

(ನಮ್ಮ ಕಡೆ ಮಾರಿಯ ರೋಗಕ್ಕೆ ಡಾಕ್ಟರನ್ನು ಬಿಟ್ಟು ಉಳಿದವರೆಲ್ಲ ತಜ್ಞರು.)

“ಟ್ಯೂಬ್ ಕೊಡಿಲ್ಲೆ. ಕ್ಲೋಬೆಟಾಸಾಲ್! ಸ್ಟೆರಾಯ್ಡೋ ಇದು. ಹಚ್ಚಿಕೋತ ಹೋದ್ರ ತೊಗಲು ತೆಳ್ಳಗಾಗಿ ನರ ಕಾಣತಾವು. ಚೀಟಿ ಇಲ್ಲದ ಮಾರಬ್ಯಾಡ್ರಿ ಅಂತ 2018ರಾಗನ ಸರ್ಕಾರ ಹೇಳೇತಿ. ಈ ಕೆಂಪು ಗೀಟು ಕಾಣಲಿಲ್ಲೇನು?”

“ಡಿಸೈನ್ ಅನ್ಕೊಂಡಿದ್ದೆ.”

“ಈಗ ಡಿಸೈನ್ ಮಾರಿಗೆ ಬಂದೈತಿ. ಸವದತ್ತಿಗೆ ಹೋಗಿ ಡಾಕ್ಟರ್‌ಗೆ ತೋರ್ಸು; ಇದನ್ನ ಹೆಂಗ ಬಿಡೋದು ಅನ್ನೋದನ್ನೂ ಅವ್ರನ್ನ ಕೇಳು. ಕೆಂಪು ಇಳದ ಮ್ಯಾಲ ಗುಳ್ಳಿಗೆ ಬೆಂಜೋಯಿಲ್ ಪೆರಾಕ್ಸೈಡೋ, ರಾತ್ರಿ ಬಟಾಣಿ ಕಾಳಷ್ಟು ಅಡಾಪಲೀನೋ ಬರೀಬಹುದು. ಎರಡ್ಮೂರು ತಿಂಗಳು ತಡೀಬೇಕು. ಬಿಸಲಿಗೆ ಸನ್‌ಸ್ಕ್ರೀನ್ ಹಚ್ಚು. ಲಿಂಬಿಹಣ್ಣು ತಿಕ್ಕಬ್ಯಾಡ, ಗುಳ್ಳಿ ಹಿಚಕಬ್ಯಾಡ.”

“ಮೂರು ತಿಂಗಳಾ! ಸೋಮವಾರ ಏನು ಮಾಡ್ಲಿ?”

“ಆಕಿ ಸೆಲ್ಫಿನೂ ಬಂದೈತೇನು?”

“ಹೂಂ ಮಾಮಾ. ಹಾಲಿನಂಗ ಬೆಳ್ಳಗ ಅದಾಳ.”

“ಹಂಗಾರ ಅಂಜಬ್ಯಾಡ. ಆಕಿ ಯಾವ ಟ್ಯೂಬ್ ಹಚ್ಚತಾಳ ಅಷ್ಟ ಕೇಳು.”